ಬಾನೆಟ್ಟಿನ ಕಿಂಡಿ

ನದಿ ದಂಡೆಯ ಮೇಲೊಂದು ಮಠ, ಮಠದ ಹಿಂದೊಂದು ತಗಡಿನ ಶೆಡ್ಡು. ಅಡಿವಯ್ಯಜ್ಜಾರನ್ನು ಹುಡುಕಿಕೊಂಡು ಬಂದವರು ಮಠಕ್ಕೆ ಹೋಗದೆ ನೇರ ಶೆಡ್ಡಿಗೇ ಹೋಗುವುದು ರೂಢಿ.

ಕಾವಿ ಉಡುವ ಮೊದಲು ಅವರು ಇಪ್ಪತ್ತು ವರ್ಷ ಲಾರಿ ರಿಪೇರಿ ಮಾಡಿದವರು. ಉಟ್ಟ ಮೇಲೂ ಬಿಡಲಿಲ್ಲ. ಆತ್ಮ ಎಂದರೇನು ಎಂದು ಕೇಳಲು ಬಂದವರ ಕೈಗೆ ಪಾನಾ ಕೊಟ್ಟು, "ಮೊದಲ ಆ ನಟ್ಟು ಬಿಚ್ಚು" ಅನ್ನುತ್ತಿದ್ದರು. ಅರ್ಧ ಜನ ಅಂದೇ ಊರ ದಾರಿ ಹಿಡಿಯುತ್ತಿದ್ದರು. ಉಳಿದವರು ಶಿಷ್ಯರಾಗುತ್ತಿದ್ದರು.

ಹಾಗೆ ಉಳಿದವನು ಶಿವಪುತ್ರ. ವಯಸ್ಸು ಮೂವತ್ತೆಂಟು. ಅವನು ಆತ್ಮದ ಸುದ್ದಿಗೆ ಬಂದವನಲ್ಲ. ಗುಜರಿಗೆ ಹಾಕಿದ್ದ ಒಂದು ಹಳೇ ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದು, "ಇದು ಘಟ್ಟ ಹತ್ತಬೇಕ್ರೀ ಅಜ್ಜಾರ, ಅಷ್ಟ" ಅಂದಿದ್ದ.

ಘಟ್ಟಕ್ಕೆ ಏಳು ತಿರುವು. ಏಳನ್ನೂ ದಾಟಿದರೆ ಒಂದು ಸಣ್ಣ ಹಳ್ಳಿ. ಅಲ್ಲಿ, ತವರುಮನೆಯಲ್ಲಿ, ಅವನ ಹೆಂಡತಿ ಕಲ್ಲವ್ವ ಇದ್ದಳು. ಅವಳ ಮುಖ ನೋಡಿ ಆಗಲೇ ನಾಲ್ಕು ವರ್ಷವಾಗಿತ್ತು. ಬಂದರೆ ಸ್ವಂತ ಕಾರಿನಲ್ಲೇ ಬರುತ್ತೇನೆ ಎಂದು ಆ ಮನೆಯ ಅಂಗಳದಲ್ಲಿ ಆಣೆ ಹಾಕಿ ಬಂದಿದ್ದ ಮಹಾರಾಯ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಸಮಾಧಾನವಾದ ಮೇಲೆ ಹತ್ತಿಕೊಳ್ಳುತ್ತದೆಯೇ?

ಅಜ್ಜಾರು ಏನೂ ಕೇಳಲಿಲ್ಲ. ಶೆಡ್ಡಿನ ಒಂದೇ ಒಂದು ಕಟ್ಟಳೆ ಹೇಳಿದರು.

"ಕುದಿಯೋ ರೇಡಿಯೇಟರಿನ ಮುಚ್ಚಳಕ್ಕ ಯಾರರ ಕೈ ಹಾಕಿದ್ರ, ಮೊದಲ ಅವರ ಕೈ ಹಿಡಿ. ಮಾತು ಆಮ್ಯಾಲ."

ಕಾರು ಓಡಾಡುವಂತಾಗಲು ಎರಡು ವರ್ಷ ಬೇಕಾಯಿತು. ಸಪಾಟು ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಘಟ್ಟದ ನಾಲ್ಕನೇ ತಿರುವಿಗೆ ಬಂದರೆ ಮಾತ್ರ ಬಿಸಿಯ ಮುಳ್ಳು ಕೆಂಪಿಗೆ ಏರಿ, ನೀರು ಕುದಿದು, ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ಮೂರು ಸಲ ಹೋದ, ಮೂರು ಸಲವೂ ತಿರುಗಿ ಬಂದ. ತಿರುಗಿ ಬಂದ ದಿನ ಊಟಕ್ಕೆ ಕೂರುತ್ತಿರಲಿಲ್ಲ. ನದಿಯ ಮೆಟ್ಟಿಲ ಮೇಲೆ ಕೂತು ಘಟ್ಟದ ಕಡೆಗೇ ನೋಡುತ್ತಿದ್ದ.

ಒಂದು ದಿನ ಅಜ್ಜಾರು ಭಕ್ತರ ಮನೆಗೆ ಹೋಗಿದ್ದರು. ಶಿವಪುತ್ರ ಎಲ್ಲೋ ರೇಸಿನ ಕಾರುಗಳ ಚಿತ್ರ ನೋಡಿದ್ದ. ಅವುಗಳ ಬಾನೆಟ್ಟಿನ ಮೇಲೆ ಕಿಂಡಿಗಳಿದ್ದವು. ತಡಮಾಡದೆ ಬಾನೆಟ್ಟಿನ ತಗಡು ಕೊಯ್ದು, ಮುಂದಿನ ಗಾಜಿನ ಬುಡದ ಹತ್ತಿರ ಸಾಲಾಗಿ ಆರು ಕಿಂಡಿ ಮಾಡಿದ. ಉಜ್ಜಿ ಬಣ್ಣ ಹಚ್ಚಿದ. ನೋಡಲು ಬಲು ಚೆಂದ ಇತ್ತು.

ಮರುದಿನ ಕಾರು ಮೂರನೇ ತಿರುವಿಗೇ ಕುದಿಯಿತು.

ಅಜ್ಜಾರು ಬಂದು ಬಾನೆಟ್ಟು ನೋಡಿದರು. ಬೈಯಲಿಲ್ಲ.

"ಇಲ್ಲೇ ಯಾಕ ಕೊರದಿ, ತಮ್ಮಾ?"

"ಒಳಗಿನ ಬಿಸಿ ಹೊರಗ ಹೋಗಲಿ ಅಂತ್ರೀ."

"ಹೋತೇನು?"

"ಇಲ್ರೀ."

ಅಜ್ಜಾರು ಕೂತು ತಮ್ಮ ಶಾಲಿನ ಅಂಚಿನಿಂದ ಒಂದೊಂದೇ ಎಳೆ ಕೀಳತೊಡಗಿದರು. ಗೇಣುದ್ದದ ಇಪ್ಪತ್ತು ಎಳೆ. ಒಂದೊಂದರ ತುದಿಯನ್ನೂ ಟೇಪಿನಿಂದ ಬಾನೆಟ್ಟಿಗೆ ಅಂಟಿಸಿದರು, ಮುಂದಿನಿಂದ ಗಾಜಿನವರೆಗೆ. ಕಾರು ಕಾವಿ ಗಡ್ಡ ಬಿಟ್ಟ ಸನ್ಯಾಸಿಯ ಹಾಗೆ ಕಂಡಿತು.

"ನದಿ ರಸ್ತೆದಾಗ ಓಡಸು. ನಾನೂ ಬರ್ತೀನಿ. ದಾರ ನೋಡು."

ಓಡಿಸಿದ. ಗಾಜಿನ ಬುಡದಲ್ಲಿದ್ದ ಎಳೆಗಳು ಬಾಗಿ, ಅವನೇ ಕೊರೆದ ಕಿಂಡಿಗಳೊಳಗೆ ತಲೆ ಹಾಕಿದವು. ಮುಂದೆ, ರೇಡಿಯೇಟರಿನ ಸ್ವಲ್ಪ ಹಿಂದಿದ್ದ ಎಳೆಗಳು ಮಾತ್ರ ತಗಡು ಬಿಟ್ಟು ಎದ್ದು ಕುಣಿಯುತ್ತಿದ್ದವು.

ಶಿವಪುತ್ರ ಗಾಡಿ ನಿಲ್ಲಿಸಿದ.

"ಅಜ್ಜಾರ, ನನ್ನ ಕಿಂಡ್ಯಾಗ ಗಾಳಿ ಒಳಗ ಹೊಂಟೈತ್ರೀ!"

"ಹೂಂ."

"ಹೊರಗ ಬರಲಿ ಅಂತ ಕೊರದಿದ್ದೆ."

"ನೀ ಅಂದ್ಕೊಂಡಿ. ಗಾಳೀನ್ನ ಕೇಳಿದ್ಯೇನು?"

ಇಬ್ಬರೂ ಶೆಡ್ಡಿಗೆ ವಾಪಸಾದರು. ಹಳೆಯ ಆರು ಕಿಂಡಿಗೂ ತಗಡು ಬೆಸೆದು ಮುಚ್ಚಿದರು. ಎಳೆಗಳು ಎದ್ದು ಕುಣಿದಲ್ಲಿ, ಅಂದರೆ ಗಾಳಿ ಮೇಲಕ್ಕೆ ಎಳೆಯುವಲ್ಲಿ, ಎರಡು ಅಗಲ ಕಿಂಡಿ ಕೊಯ್ದರು. ಕಿಂಡಿಯ ಮುಂದಿನ ಅಂಚಿಗೆ ಬೆರಳೆತ್ತರದ ತಗಡಿನ ಪಟ್ಟಿ ನಿಲ್ಲಿಸಿದರು. ಗಾಳಿ ಅದನ್ನು ಹಾರಿ ಹೋಗುವಾಗ ಒಳಗಿನ ಬಿಸಿಯನ್ನೂ ಎಳೆದುಕೊಂಡು ಹೋಗಬೇಕು, ಅದು ಲೆಕ್ಕ.

"ಮಳಿ ಬಂದ್ರ ನೀರು ಒಳಗ ಬೀಳತೈತಲ್ರೀ?"

"ಬೀಳತೈತಿ."

"ಮತ್ತ?"

"ಬಿಸಿ ಹೊರಗ ಹೋಗಬೇಕಂದ್ರ ಒಂದೀಟು ಮಳಿ ತಡಕೋಬೇಕು."

ಮರುದಿನ ಬೆಳಿಗ್ಗೆ ಶಿವಪುತ್ರ ಮಿಂದು, ಇದ್ದುದರಲ್ಲಿ ಒಳ್ಳೆಯ ಅಂಗಿ ತೊಟ್ಟು, ಅಜ್ಜಾರ ಕಾಲಿಗೆ ಬಿದ್ದು ಹೊರಟ.

ನಾಲ್ಕನೇ ತಿರುವು ಬಂತು. ಮುಳ್ಳು ನಡುವೆಯೇ ನಿಂತಿತ್ತು. ಕಿಂಡಿಗಳಿಂದ ಬಿಸಿಗಾಳಿ ಹೊರಬಿದ್ದು, ಅದರಾಚೆಗಿನ ರಸ್ತೆ ಸಣ್ಣಗೆ ನಡುಗುವಂತೆ ಕಾಣುತ್ತಿತ್ತು. ಶಿವಪುತ್ರನಿಗೆ ಕೂಗಿಬಿಡುವಷ್ಟು ಖುಷಿಯಾಯಿತು. ಐದನೇ ತಿರುವು. ಆರನೇ ತಿರುವು.

ಆರನೇ ತಿರುವಿನಿಂದ ಆ ಮನೆ ಕಾಣುತ್ತದೆ. ಅಂಗಳದ ಹಗ್ಗದ ಮೇಲೆ ಹಸಿರು ಸೀರೆಯೊಂದು ಒಣಗುತ್ತಿತ್ತು. ಅವಳದೋ ಅತ್ತಿಗೆಯದೋ ಅಷ್ಟು ದೂರದಿಂದ ತಿಳಿಯುವಂತಿರಲಿಲ್ಲ. ಅವನು ಕಾರು ನಿಲ್ಲಿಸಿದ. ಇನ್ನೇನು ಯಾರೋ ಬಂದು ಸೀರೆ ತೆಗೆಯುತ್ತಾರೆ, ಅವಳಾದರೆ ಹೋಗುತ್ತೇನೆ ಅಂದುಕೊಂಡ. ಎದೆಯೊಳಗೆ ಅವಳ ಹೆಸರು ಹೇಳಿಕೊಂಡ, ಒಮ್ಮೆಯಲ್ಲ, ಹತ್ತು ಸಲ. ಮಧ್ಯಾಹ್ನವಾಯಿತು. ಬಿಸಿಲು ಇಳಿಯಿತು. ಸೀರೆ ತೆಗೆಯಲು ಯಾರೂ ಬರಲಿಲ್ಲ.

ಸಂಜೆಗೆ ಅವನು ಕಾರು ತಿರುಗಿಸಿ, ಎಂಜಿನ್ ಬಂದ್ ಮಾಡಿಕೊಂಡೇ ನಿಧಾನಕ್ಕೆ ಇಳಿದು ಬಂದ.

ಅಜ್ಜಾರು ಶೆಡ್ಡಿನ ಮುಂದೆ ನಿಂತಿದ್ದರು.

"ಏನಾತು, ತಮ್ಮಾ?"

"ಆರನೇ ತಿರುವಿನ್ಯಾಗ ಕುದೀತ್ರೀ." ಗುರುವಿಗೇ ತಿರುಮಂತ್ರ ಹಾಕಲು ಹೊರಟಿದ್ದ. "ಇನ್ನೂ ಕುದ್ಯಾಕತ್ತೈತಿ."

"ಹೌದಾ? ಪಾಪ."

ಅಜ್ಜಾರು ಬಾನೆಟ್ಟು ಎತ್ತಿದರು. ಬರಿಗೈಯಲ್ಲಿ ರೇಡಿಯೇಟರಿನ ಮುಚ್ಚಳ ಹಿಡಿದು ತಿರುಗಿಸಿದರು. ಮುಚ್ಚಳ ಬಂತು. ಒಳಗೆ ನೀರು ಅಲುಗದೆ ನಿಂತಿತ್ತು. ಅವರು ಒಂದು ಬೆರಳು ಅದ್ದಿ, ಶಾಲಿಗೆ ಒರೆಸಿಕೊಂಡರು.

ಶಿವಪುತ್ರ ನಿಂತಲ್ಲೇ ನಿಂತಿದ್ದ.

"ನೀ ನನ್ನ ಕೈ ಹಿಡೀಲಿಲ್ಲ" ಎಂದರು ಅಜ್ಜಾರು.

ಶಿವಪುತ್ರನ ಮೋರೆ ಸಣ್ಣಗಾಯಿತು. ಶೆಡ್ಡಿಗೆ ಸೇರಿದಾಗಿನಿಂದ ಅವನು ಎಷ್ಟು ಕೈ ಹಿಡಿದಿದ್ದನೋ. ನಿದ್ದೆಯಲ್ಲೂ ತಪ್ಪದ ಕೆಲಸ ಅದು. ಅವನು ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತ. ಅಜ್ಜಾರು ಪಕ್ಕದಲ್ಲಿ ಕೂತರು. ಅಳು ಮುಗಿದ ಮೇಲೆ ಕೇಳಿದರು.

"ಕಾರು ಬೇಕು ಅಂತ ಆಕಿ ಅಂದಿದ್ಲೇನು?"

"ಇಲ್ರೀ. ಆಕಿ ಅಣ್ಣ ಅಂದ. ಕರಿಯಾಕ ಟ್ರ್ಯಾಕ್ಟರ್ ತಗೊಂಡು ಹೋಗಿದ್ದೆ. ನನ್ನ ತಂಗಿ ಏನು ಗೊಬ್ಬರದ ಹೇರೇನು ಅಂತ ಎಲ್ಲಾರ ಮುಂದ ನಕ್ಕ."

"ಆಕಿ ಏನಂದ್ಲು?"

ಶಿವಪುತ್ರ ಕಣ್ಣೊರೆಸಿಕೊಂಡ. ಈ ಮಾತನ್ನು ಅವನು ಆರು ವರ್ಷ ಯಾರಿಗೂ ಹೇಳಿರಲಿಲ್ಲ.

"ಏನೂ ಅನ್ನಲಿಲ್ರೀ. ಗಂಟು ಕಟ್ಟಿ ಬಗಲಾಗ ಇಟ್ಕೊಂಡು ಹೊಸ್ತಿಲದಾಗ ನಿಂತಿದ್ಲು. ಚಪ್ಪಲಿನೂ ಮೆಟ್ಟಿದ್ಲು. ಟ್ರ್ಯಾಕ್ಟರಿನ್ಯಾಗ ಬರಾಕ ತಯಾರ ಇದ್ಲು ಅಜ್ಜಾರ. ನಾನ ಬಿಟ್ಟು ಬಂದೆ."

ನದಿಯ ಆಚೆ ದಂಡೆಯಲ್ಲಿ ಯಾರೋ ಎಮ್ಮೆ ಹೊಡೆದುಕೊಂಡು ಮನೆಗೆ ಹೋಗುತ್ತಿದ್ದರು. ಅಜ್ಜಾರು ಎದ್ದು ಮುಚ್ಚಳ ಹಾಕಿ, ಬಾನೆಟ್ಟು ಇಳಿಸಿ, ಕಾರಿನ ಬಾಗಿಲು ತೆಗೆದು ಹಿಡಿದರು.

"ಈಗನ?" ಎಂದ ಶಿವಪುತ್ರ.

"ಈಗನ. ಎಂಜಿನ್ ತಣ್ಣಗೈತಿ. ಇನ್ನ ತಪ್ಪು ಅದರ ಮ್ಯಾಲ ಹಾಕಾಕ ಬರಂಗಿಲ್ಲ."

ಶಿವಪುತ್ರ ಕಾರಿನಲ್ಲಿ ಕೂತ. ಕೀಲಿ ತಿರುಗಿಸಲು ಹೋಗಿ ಕೈ ಹಿಂದೆ ತೆಗೆದ.

"ಅಜ್ಜಾರ, ಆಕಿ ಬಾಗಲಾ ತಗೀಲಿಲ್ಲಂದ್ರ?"

"ಹೊರಗ ಕುಂದ್ರು, ತಮ್ಮಾ. ಆಕಿ ಆರು ವರ್ಷ ಒಳಗ ಕುಂತಾಳ."