ಸಾಲಿನಲ್ಲಿದ್ದ ಕಲ್ಲು

ಶುದ್ಧ ನೀರಿನ ಘಟಕದ ಬಾಗಿಲು ತೆರೆಯುವ ಮೊದಲೇ ಪಾತ್ರೆಗಳ ಸಾಲು ಬೆಳೆದಿತ್ತು. ನೀಲವ್ವ ಬಿಂದಿಗೆಯ ಬದಲು ಒಂದು ಕಲ್ಲನ್ನಿಟ್ಟು ಹೋಗಿದ್ದಳು. ಅದರ ಹಿಂದಿದ್ದ ಖಾಲಿ ಕ್ಯಾನ್ ನಕ್ಕಿತು.

“ನಾನು ಇಪ್ಪತ್ತು ಲೀಟರಿನವನು. ಹನಿ ನೀರನ್ನೂ ತುಂಬಿಕೊಳ್ಳಲಾರದ ನಿನಗೇಕೆ ಸಾಲು?”

“ನನ್ನದು ಜಾಗ ಕಾಯುವ ಕೆಲಸ, ತಮ್ಮಾ.”

ಅಷ್ಟರಲ್ಲಿ ಗಾಳಿ ಬೀಸಿತು. ಚರಂಡಿಯತ್ತ ಉರುಳಿದ ಕ್ಯಾನ್ ಕಲ್ಲಿಗೆ ಬಡಿದು ನಿಂತಿತು.

“ಅಣ್ಣಾ, ಬಿಡಬೇಡ! ಸಾಲು ತಪ್ಪಿದರೆ ಮನೆಯಲ್ಲಿ ಇವತ್ತು ಕುಡಿಯಲು ನೀರಿಲ್ಲ.”

“ಒರಗಿಕೋ,” ಎಂದಿತು ಕಲ್ಲು.

ಸರದಿ ಬಂತು. ನೀಲವ್ವ ಬಿಂದಿಗೆ ತುಂಬಿಸಿಕೊಂಡು ಕಲ್ಲನ್ನು ಗೋಡೆಯ ಪಕ್ಕಕ್ಕೆ ಸರಿಸಿದಳು. ಕ್ಯಾನ್ ಕಂಠದವರೆಗೆ ತುಂಬಿ ಬೀಗಿತು.

“ಈಗ ಯಾವ ಗಾಳಿ ನನ್ನನ್ನು ಅಲುಗಿಸುತ್ತದೋ ನೋಡೋಣ!”

“ಯಾವುದೂ ಇಲ್ಲ,” ಎಂದು ಕಲ್ಲು ನಕ್ಕಿತು. “ನಾಳೆ ಖಾಲಿಯಾಗಿ ಬರುತ್ತೀಯಲ್ಲ, ನಾನು ಇಲ್ಲೇ ಇರುತ್ತೇನೆ.”