ಎಕ್ಕದ ಗಿಡದ ಪಡಿ

ಕೇಳಿ ಮಕ್ಕಳೇ. ಒಂದು ರಾಜ್ಯ. ರಾಜ್ಯಕ್ಕೊಬ್ಬ ರಾಜ, ರಾಜನಿಗೊಂದು ಪಟ್ಟದಾನೆ, ಆನೆಗೆ ಅನ್ನದುಂಡೆ ಕಟ್ಟಿ ತಿನ್ನಿಸೋದಕ್ಕೆ ಚೆನ್ನಾಜಿ. ಚೆನ್ನಾಜಿಗೆ ಯಾರೂ ಇರಲಿಲ್ಲ.

ಅರಮನೆಯಲ್ಲಿ ಕೂಲಿಯೆಂದರೆ ಪಡಿ, ಅಳೆದು ಕೊಡುವ ಅಕ್ಕಿ. ಅಳೆಯುವವನು ಪಾರುಪತ್ಯಗಾರ ಮಾದರಸ. ಮದುವೆಯಾದವರಿಗೆ ತುಂಬು ಪಡಿ, ಒಂಟಿಯವರಿಗೆ ಅರೆಪಡಿ. ಅವನೇ ಮಾಡಿದ ಕಟ್ಟಳೆ.

"ಅಣ್ಣಾ, ನಾನೂ ಎಲ್ಲರಷ್ಟೇ ದುಡೀತೀನಿ," ಅಂತ ಚೆನ್ನಾಜಿ ಹೋಗಿ ಕೇಳಿದಳು.

"ಒಂಟಿ ಹೊಟ್ಟೆ ಎಷ್ಟು ಹಿಡಿಯುತ್ತಮ್ಮಾ?" ಅಂದ.

ಎರಡನೇ ಸಲ ಹೋದಳು. "ಕಟ್ಟಿಕೊಂಡವರು ಕಟ್ಟಿದ ದನ ಇದ್ದ ಹಾಗೆ, ಇಲ್ಲೇ ಇರ್ತಾರೆ. ನೀನು ಯಾವತ್ತು ಓಡ್ತೀಯೋ," ಅಂದ.

ಮೂರನೇ ಸಲ ಹೋದಳು. "ಗಂಡನ್ನ ಕರ್ಕೊಂಡು ಬಾ, ಕೊಡ್ತೀನಿ," ಅಂದ. ಉಗ್ರಾಣದ ಆಳುಗಳು ನಕ್ಕರು.

ಮಾತಾಡಿಸುವವರಿಲ್ಲದ ಮನೆಯಲ್ಲಿ ಅರೆಪಡಿ ಅನ್ನ ಬೇಗ ತಣ್ಣಗಾಗುತ್ತದೆ. ಚೆನ್ನಾಜಿ ಗೋಡೆ ನೋಡುತ್ತಾ ಉಂಡಳು, ಗಂಟು ಕಟ್ಟಿದಳು, ಆನೆಗೆ ಹೇಳಿ ಹೊರಟಳು. ಆನೆ ಬೇರೆ ಯಾರ ಕೈಯಲ್ಲೂ ತಿನ್ನಲಿಲ್ಲ. ಸುದ್ದಿ ತಿಳಿದ ರಾಜ ಅವಳನ್ನು ಕರೆಸಿದ.

"ಯಾಕೆ ಬಿಟ್ಟು ಹೋಗ್ತೀಯ ತಾಯಿ?"

"ನೋಡಿದಿರಾ ಬುದ್ಧಿ," ಅಂದ ಮಾದರಸ. "ಒಂಟಿ ಜನಕ್ಕೆ ನಿಷ್ಠೆ ಇರಲ್ಲ. ಅದಕ್ಕೇ ಅರೆಪಡಿ."

"ಆಗಲಿ," ಅಂದಳು ಚೆನ್ನಾಜಿ. "ಅಣ್ಣಾವ್ರ ಮೂರನೇ ಹೆಂಡತಿ ಬಂದು, ಅರೆಪಡಿ ಸಾಕು ಅಂತ ಒಂದು ಮಾತು ಹೇಳಲಿ. ಬಾಯಿ ಮುಚ್ಕೊಂಡು ಇಲ್ಲೇ ಇರ್ತೀನಿ."

"ಅಷ್ಟೇ ತಾನೆ? ಕರೆಸಿ," ಅಂದ ರಾಜ.

ಮಾದರಸ ಅಡ್ಡ ಬಂದ. "ಆಕೆ ಮನೆ ಬಿಟ್ಟು ಬರೋಳಲ್ಲ ಬುದ್ಧಿ."

"ಹೇಗೆ ಬಂದಾಳು ಪಾಪ, ಬೇರು ಬಿಟ್ಟಿದಾಳೆ," ಅಂದಳು ಚೆನ್ನಾಜಿ.

ಚೆನ್ನಾಜಿ ಬಿಡಿಸಿ ಹೇಳಿದ ವಿಷಯ ಇಷ್ಟೇ. ಇಬ್ಬರು ಹೆಂಡಿರು ತೀರಿಕೊಂಡವನಿಗೆ ಮೂರನೇ ಮದುವೆ ಆಗಿಬರೋದಿಲ್ಲ ಅಂತ ಮೊದಲು ಎಕ್ಕದ ಗಿಡಕ್ಕೆ ತಾಳಿ ಕಟ್ಟಿಸುತ್ತಾರಲ್ಲ, ಮಾದರಸನೂ ಕಟ್ಟಿದ್ದ. ಈಗ ಮನೆಯಲ್ಲಿರುವವಳು ನಾಲ್ಕನೆಯವಳು. ಹಿತ್ತಿಲ ಆ ಗಿಡವನ್ನೂ ಮದುವೆಯಾದ ಆಳು ಅಂತ ಲೆಕ್ಕಕ್ಕೆ ಬರೆದು ಅವನು ತುಂಬು ಪಡಿ ಎತ್ತುತ್ತಿದ್ದ.

ಸಭೆಯೆಲ್ಲ ನಕ್ಕಿತು. ರಾಜ ನಗಲಿಲ್ಲ. "ಆದರೂ, ಮದುವೆಯಾದವರು ಯಾರೂ ಬಿಟ್ಟು ಹೋಗಿಲ್ಲವಲ್ಲ?"

"ಅವರಿಗೂ ಅರೆಪಡಿ ಅಳೆದು ನೋಡಿ ಬುದ್ಧಿ. ಹೆಂಡತಿ ಮಕ್ಕಳನ್ನ ಗಾಡಿ ಹತ್ತಿಸಿಕೊಂಡು ನನಗಿಂತ ಮುಂಚೆ ಊರು ದಾಟ್ತಾರೆ."

ರಾಜ ತೀರ್ಪು ಕೊಟ್ಟ. "ದುಡಿದವರಿಗೆಲ್ಲ ತುಂಬು ಪಡಿ. ಮಾದರಸನಿಗೆ ಮಾತ್ರ, ಅವನ ಮೂರನೇ ಹೆಂಡತಿ ಉಣ್ಣುವಷ್ಟು." ಅಂದರೆ, ದಿನಕ್ಕೊಂದು ಚೊಂಬು ನೀರು.

ಚೆನ್ನಾಜಿ ಊರು ಬಿಡಲಿಲ್ಲ. ಅಂದು ತುಂಬು ಪಡಿ ತಂದು ಬೇಯಿಸಿದಳು. ಹೊಟ್ಟೆ ತುಂಬಿತು. ಸಾರಿಗೆ ಉಪ್ಪು ಸರಿಹೋಯಿತಾ ಅಂತ ಕೇಳೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ. ಆ ಕೊರತೆ ತುಂಬೋದು ಯಾವ ರಾಜನ ಕೈಯಲ್ಲೂ ಇಲ್ಲ. ಅದನ್ನು ಅವಳು ಕೇಳಿಯೂ ಇರಲಿಲ್ಲ.

ಅದಕ್ಕೇ ಮಕ್ಕಳೇ, ದುಡಿಯುವವರನ್ನು ನಿಲ್ಲಿಸಿಕೊಳ್ಳೋದು ತಾಳಿಯಲ್ಲ, ನ್ಯಾಯವಾಗಿ ಅಳೆದ ಪಡಿ. ಒಂಟಿಯಾಗಿರೋದು ಅವರವರ ಪಾಡು. ಅದನ್ನು ನೋಡಿ ಅಳತೆ ಇಳಿಸೋದು ಕಳ್ಳತನ.