ಖಾರವಿಲ್ಲದ ಸಾಸಿವೆ

ಮಲಪ್ರಭೆಯ ದಂಡೆಯ ಮಠದಲ್ಲಿ ಒಂದು ಸಾಸಿವೆ ಮಡಿ ಇತ್ತು. ಎದೆಯಲ್ಲಿ ಕಫ ಕಟ್ಟಿ ಬಂದವರಿಗೆ ಅದರ ಬೀಜ ಅರೆದು ಪಟ್ಟು ಹಾಕುತ್ತಿದ್ದರು. ಆ ತಳಿ ಬೇರೆಲ್ಲೂ ಇರಲಿಲ್ಲ.

ವೈದ್ಯಗುರು ಪರ್ವತಯ್ಯನವರು ವರ್ಷದ ತಿರುಗಾಟಕ್ಕೆ ಹೊರಡುವಾಗ ಶಿಷ್ಯ ನಿಜಗುಣನಿಗೆ ಹೇಳಿದ್ದು ಇಷ್ಟೇ. ಬಿತ್ತನೆಗೆ ಪ್ರತಿ ಗಿಡದಿಂದಲೂ ಒಂದು ಚಿಟಿಕೆ ಬೀಜ ಎತ್ತಿಡಬೇಕು, ಕುಳ್ಳ ಗಿಡವನ್ನೂ ಬಿಡಬಾರದು.

ನಿಜಗುಣನಿಗೆ ಅದು ಮುದುಕರ ಹಟ ಅನ್ನಿಸಿತು. ಒಂದೊಂದೇ ಗಿಡದ ಎಲೆ ಅಗಿದು ನೋಡಿದ. ಒಂದು ಖಾರ, ಒಂದು ಕಹಿ, ಇನ್ನೊಂದಕ್ಕೆ ಎಂಥದೋ ಘಾಟು. ಬೆಳೆಯುವುದಕ್ಕೆ ಬೇಡದ ಇದನ್ನೆಲ್ಲ ಮಾಡಿಕೊಳ್ಳುವುದರಲ್ಲೇ ಗಿಡ ಬಡವಾಗುತ್ತಿದೆ ಎಂದು ತಾನೇ ತೀರ್ಮಾನಿಸಿದ. ಸಪ್ಪೆ ಎಲೆಯ, ಎತ್ತರದ ಐದೇ ಗಿಡಗಳ ಬೀಜ ಬಿತ್ತಿದ. ಜಾಣತನ ತಲೆಗೇರಿದರೆ ಹೀಗೇ.

ಮಡಿ ಸೊಂಪಾಗಿ ಎದ್ದಿತು. ಆಮೇಲೆ ಹುಳ ಬಿತ್ತು.

ಮೂರು ದಿನ ನಿಜಗುಣ ಊಟ ಬಿಟ್ಟು ಹುಳ ಆರಿಸಿದ. ಒಂದು ತೆಗೆದರೆ ನಾಲ್ಕು ಕಾಣುತ್ತಿದ್ದವು. ಹೂವಿಗೆ ಮೊದಲೇ ಗಿಡ ಸತ್ತರೆ ತಳಿಯೇ ಹೋಯಿತು, ಅದೂ ತನ್ನ ಕೈಯಿಂದ.

ನಾಲ್ಕನೆಯ ಬೆಳಿಗ್ಗೆ ಗುರುಗಳು ಬಂದರು. ಎಲೆಯೊಂದನ್ನು ಅಗಿದು ಉಗುಳಿದರು.

"ಉಳದ ಬೀಜ ಎಲ್ಲಿ?"

"ಔಷಧಕ್ಕ ಅರದಬಿಟ್ಟೆ, ಅಜ್ಜಾರ." ಎಂದ ನಿಜಗುಣ.

"ಹೊಟ್ಟು?"

"ತಿಪ್ಪಿಗೆ ಚೆಲ್ಲೇನಿ."

ಗುರುಗಳು ನೇರ ತಿಪ್ಪೆಯತ್ತ ನಡೆದರು. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ನಿಜಗುಣನಿಗೆ.

ಕಸದ ನಡುವೆ, ಹೊಟ್ಟಿನಲ್ಲಿ ಉಳಿದಿದ್ದ ಕಾಳುಗಳಿಂದ ಹತ್ತಾರು ಕುಳ್ಳ ಸಾಸಿವೆ ಗಿಡಗಳು ತಾವಾಗಿಯೇ ಹುಟ್ಟಿದ್ದವು. ಅಲ್ಲೊಂದು ಇಲ್ಲೊಂದು ಎಲೆಯನ್ನು ಹುಳ ಚೂರು ಕಚ್ಚಿ ಬಿಟ್ಟುಹೋಗಿತ್ತು. ನಿಜಗುಣ ಒಂದೆಲೆ ಬಾಯಿಗಿಟ್ಟ. ಖಾರ ಮೂಗಿಗೇರಿ ಕಣ್ಣಲ್ಲಿ ನೀರು ಬಂತು. ತಳಿ ಉಳಿಯಿತೆಂಬ ಸಮಾಧಾನಕ್ಕೆ ಅವನು ಅಲ್ಲೇ ಕೂತು ಅತ್ತುಬಿಟ್ಟ.

ಮರುಗಳಿಗೆ ಎದ್ದು ಮಡಿಗೆ ಓಡಿದ. ಅರೆಜೀವವಾಗಿ ನಿಂತಿದ್ದ ಸಪ್ಪೆ ಗಿಡಗಳನ್ನು ಬೇರುಸಹಿತ ಕೀಳತೊಡಗಿದ. ಇನ್ನು ಮೇಲೆ ಖಾರದ ಗಿಡವೊಂದನ್ನೇ ಬಿತ್ತುತ್ತೇನೆ ಎಂದು ಆಣೆ ಮಾಡಿದ.

ಹಿಂದೆಯೇ ಬಂದ ಗುರುಗಳು ಅವನ ಮಣಿಕಟ್ಟು ಹಿಡಿದರು.

"ಆ ಖಾರದ ವಾಸನಿ ಹುಡುಕ್ಕೊಂಡು ಬರೋ ಹುಳಾನೂ ಐತಿ, ತಮ್ಮಾ. ಅದು ಬಂದ ದಿನ ಈ ಸಪ್ಪನ್ನ ಗಿಡಾನ ಎಲ್ಲಿಂದ ತರತಿ?"